ಶಾವಿಗೆ ಮತ್ತು ಸೊಪ್ಪು: ಸರಳ ರಾತ್ರಿಯೂಟದ ಒಂದು ಪಾಠ

ವಿದ್ಯಾರ್ಥಿನಿಲಯದ ಪಂಕ್ತಿಯಲ್ಲಿ ಬಡಿಸಲು ನಿಂತವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಅನ್ನ ತೀರುತ್ತದೆ, ಸಾರು ತೀರುತ್ತದೆ, ಹಪ್ಪಳಕ್ಕೆ ಎರಡನೆಯ ಸಲ ಕೈ ಚಾಚುವವರೂ ಇದ್ದಾರೆ. ತಟ್ಟೆಯ ಅಂಚಿನಲ್ಲಿ ಮಾತ್ರ ಬೆಂದ ಸೊಪ್ಪಿನ ಪುಟ್ಟ ಗುಡ್ಡೆಯೊಂದು ಹಾಗೆಯೇ ಉಳಿದಿರುತ್ತದೆ. ಪ್ರಸಾದವನ್ನು ಬಿಸುಡಬಾರದೆಂಬ ನಿಯಮಕ್ಕೆ ಅಂಜಿ ಕೆಲವರು ಅದನ್ನು ಕಣ್ಣು ಮುಚ್ಚಿ ನುಂಗುತ್ತಾರೆ. ಕೆಲವರು ಮೆಲ್ಲನೆ ಪಕ್ಕದವನ ತಟ್ಟೆಗೆ ದಾಟಿಸುತ್ತಾರೆ. ಮಕ್ಕಳ ಚೇಷ್ಟೆಯೆಂದು ನಕ್ಕು ಬಿಡುವ ವಿಷಯ ಇದಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ೧೫ರಿಂದ ೪೯ ವರ್ಷದ ಮಹಿಳೆಯರಲ್ಲಿ ನೂರಕ್ಕೆ ೫೭ ಮಂದಿ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೭ ಮಂದಿ ರಕ್ತಹೀನತೆಗೆ ಒಳಗಾಗಿದ್ದರು. ರಕ್ತಹೀನತೆಗೆ ಕಾರಣಗಳು ಹಲವು. ಕಬ್ಬಿಣಾಂಶದ ಕೊರತೆ ಅವುಗಳಲ್ಲಿ ಮುಖ್ಯವಾದುದು. ತಟ್ಟೆಯ ಅಂಚಿನಲ್ಲಿ ಉಳಿದ ಆ ಹಸಿರು ಗುಡ್ಡೆಗೂ ಈ ಅಂಕಿಗಳಿಗೂ ಸಂಬಂಧವಿಲ್ಲವೆಂದು ಹೇಳಲಾಗದು.

ಇನ್ನೊಂದು ಮಾತೂ ಇದೆ. ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಮಂಡ್ಯಕ್ಕೋ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಅಲ್ಲಿ ಮಠದ ಗಂಟೆಯಿಲ್ಲ, ಪಂಕ್ತಿಯಿಲ್ಲ, ಮನೆಯವರ ಕೈಯಡುಗೆಯಿಲ್ಲ. ಮೂವರು ಸೇರಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಒಂದು ಒಲೆಯಿದ್ದರೂ ಅದನ್ನು ಹೊತ್ತಿಸಲು ಅರಿಯದವನು ಹೋಟೆಲಿನ ಕರಿದ ತಿಂಡಿಗೂ ಪೊಟ್ಟಣದ ನೂಡಲ್ಸಿಗೂ ಒಪ್ಪಿಸಿಕೊಳ್ಳುತ್ತಾನೆ. ಗಣಿತದಲ್ಲಿ ನೂರಕ್ಕೆ ತೊಂಬತ್ತು ಅಂಕ ಪಡೆದವನಿಗೂ ಒಂದು ಹೊತ್ತಿನ ಊಟವನ್ನು ತಾನೇ ಮಾಡಿಕೊಳ್ಳಲು ಬಾರದಿದ್ದರೆ ಅವನ ವಿದ್ಯೆಯಲ್ಲಿ ಒಂದು ತೆರಪು ಉಳಿಯಿತೆಂದೇ ಹೇಳಬೇಕು. ಆ ತೆರಪನ್ನು ತುಂಬುವ ಉದ್ದೇಶದಿಂದ ಇಲ್ಲಿ ಒಂದೇ ಒಂದು ಅಡುಗೆಯನ್ನು, ಅದರ ಕಾರ್ಯಕಾರಣಗಳೊಡನೆ, ವಿವರಿಸಲಾಗಿದೆ. ಅದು ಸೊಪ್ಪು ತರಕಾರಿಗಳೊಡನೆ ಕಲಸಿದ ಒತ್ತು ಶಾವಿಗೆ.

ಶಾವಿಗೆಯ ಬಳಗ

ಈಚಿನ ವರ್ಷಗಳಲ್ಲಿ ಪಟ್ಟಣದ ಅಂಗಡಿಗಳಲ್ಲಿ ಪಾಸ್ತಾ ಎಂಬ ಇಟಲಿಯ ಪದಾರ್ಥ ಹೇರಳವಾಗಿ ದೊರೆಯುತ್ತದೆ. ಅದನ್ನು ಕಂಡ ಹುಡುಗರು ಇದೇನೋ ಹೊಸ ವಸ್ತುವೆಂದು ಬೆರಗಾಗುತ್ತಾರೆ. ವಿಚಾರಿಸಿ ನೋಡಿದರೆ ಅದು ನಮ್ಮ ಶಾವಿಗೆಯ ದಾಯಾದಿ. ಹಿಟ್ಟನ್ನು ನೀರಿನಲ್ಲಿ ಕಲಸಿ, ಎಳೆಯಾಗಿಯೋ ತುಂಡಾಗಿಯೋ ರೂಪ ಕೊಟ್ಟು, ಬೇಯಿಸಿ, ರುಚಿಯಾದ ವ್ಯಂಜನದೊಡನೆ ಉಣ್ಣುವುದೇ ಎರಡರ ತಿರುಳು. ಮಾರ್ಕೊ ಪೋಲೊ ಎಂಬ ಪ್ರವಾಸಿ ಚೀನಾದೇಶದಿಂದ ೧೨೯೫ರಲ್ಲಿ ಹಿಂದಿರುಗಿದಾಗ ಪಾಸ್ತಾವನ್ನು ಇಟಲಿಗೆ ತಂದನೆಂಬ ಕಥೆ ಪ್ರಚಾರದಲ್ಲಿದೆ, ಅದು ನಿಜವಲ್ಲ. ಅಲ್-ಇದ್ರೀಸಿ ಎಂಬ ಭೂಗೋಳಶಾಸ್ತ್ರಜ್ಞನು ೧೧೫೪ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ, ಸಿಸಿಲಿ ದ್ವೀಪದ ಪಲೆರ್ಮೊ ನಗರದ ಬಳಿಯ ತ್ರಬಿಯಾ ಎಂಬ ಊರಿನಲ್ಲಿ ಹಿಟ್ಟಿನ ಒಣ ಎಳೆಗಳನ್ನು ತಯಾರಿಸಿ ಹಡಗುಗಳಲ್ಲಿ ಹೊರನಾಡುಗಳಿಗೆ ಕಳುಹಿಸುತ್ತಿದ್ದರೆಂದು ಬರೆದಿದ್ದಾನೆ. ಅದು ಇಲ್ಲಿ ಬಸವಾದಿ ಶರಣರು ಬಾಳಿದ ಶತಮಾನವೇ ಆಗಿದೆಯೆಂಬುದನ್ನು ಗಮನಿಸಬಹುದು.

ನಮ್ಮ ನಾಡಿನಲ್ಲಿಯೂ ಅಡುಗೆಯನ್ನು ವಿದ್ಯೆಯೆಂದು ಗೌರವಿಸಿದ ಪರಂಪರೆ ಹಳೆಯದು. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಕೃಷಿ, ವೈದ್ಯ, ಜಲಶೋಧನೆಗಳೊಡನೆ ಅಡುಗೆಗೂ ಸ್ಥಾನ ದೊರೆತಿದೆ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಅಡುಗೆಗೆಂದೇ ಮೀಸಲಾದ ಕನ್ನಡ ಪದ್ಯಗ್ರಂಥ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಬೇಸಗೆ ಬಂತೆಂದರೆ ಹೆಂಗಸರು ಕೂಡಿ ಗೋಧಿಯ ಶಾವಿಗೆಯನ್ನು ಹೊಸೆದು, ಕೋಲುಗಳ ಮೇಲೆ ಹರವಿ ಒಣಗಿಸಿ, ವರ್ಷಕ್ಕಾಗುವಷ್ಟು ಕೂಡಿಡುತ್ತಾರೆ. ನೀರಾವರಿಯ ನಮ್ಮ ಸೀಮೆಯಲ್ಲಿ ಅಕ್ಕಿಯದೇ ಮೇಲುಗೈ; ಆದ್ದರಿಂದ ಇಲ್ಲಿ ಅಕ್ಕಿಯ ಒತ್ತು ಶಾವಿಗೆ ಬೆಳೆದುಬಂತು. ಹಬ್ಬದ ದಿನ ಕಾಯಿಹಾಲಿನೊಡನೆ ಅದನ್ನು ಉಂಡವರು ಅರಕೆರೆಯ ಸುತ್ತಮುತ್ತ ಮನೆಮನೆಯಲ್ಲಿಯೂ ಇದ್ದಾರೆ.

ಹಿಟ್ಟಿನ ಗುಣ

ಉತ್ತರದವರು ಗೋಧಿಯ ಶಾವಿಗೆಯನ್ನು ಹಸಿಯಾಗಿಯೇ ಹೊಸೆಯುತ್ತಾರೆ. ನಾವು ಅಕ್ಕಿಯ ಹಿಟ್ಟನ್ನು ಮೊದಲು ಬೇಯಿಸಿ ಆಮೇಲೆ ಒತ್ತುತ್ತೇವೆ. ಇದಕ್ಕೆ ಕಾರಣವೇನು? ಗೋಧಿಯಲ್ಲಿರುವ ಪ್ರೋಟೀನು ನೀರಿನೊಡನೆ ಕೂಡಿ ನಾದಿದಾಗ ಗ್ಲುಟನ್ ಎಂಬ ಹಿಗ್ಗುವ ಅಂಟಾಗುತ್ತದೆ. ಈ ಅಂಟಿನ ಬಲದಿಂದಲೇ ಗೋಧಿಯ ಕಣಕವನ್ನು ಎಳೆಯೆಳೆಯಾಗಿ ಎಳೆದರೂ ಅದು ಹರಿಯುವುದಿಲ್ಲ. ಇಟಲಿಯ ಪಾಸ್ತಾಕ್ಕೆ ಬಳಸುವ ಡ್ಯೂರಮ್ ಎಂಬ ಗಟ್ಟಿ ಗೋಧಿಯಲ್ಲಿ ಪ್ರೋಟೀನು ಹೆಚ್ಚು. ಆದ್ದರಿಂದ ಅದು ಕುದಿಯುವ ನೀರಿನಲ್ಲಿಯೂ ಕರಗದೆ ನಿಲ್ಲುತ್ತದೆ.

ಅಕ್ಕಿಯಲ್ಲಿಯೂ ರಾಗಿಯಲ್ಲಿಯೂ ಈ ಅಂಟಿಲ್ಲ. ಅಕ್ಕಿಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಎಳೆಯಲು ಹೋದರೆ ಪುಡಿಪುಡಿಯಾಗಿ ಉದುರುತ್ತದೆ. ಆದರೆ ಸುಮಾರು ೭೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಕ್ಕಿಯ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬಿ, ಒಂದಕ್ಕೊಂದು ಅಂಟಿಕೊಳ್ಳುವ ಮೆದು ಸರಿಯಾಗುತ್ತವೆ. ಗೋಧಿಯಲ್ಲಿ ಪ್ರೋಟೀನು ಮಾಡುವ ಕೆಲಸವನ್ನು ಅಕ್ಕಿಯಲ್ಲಿ ಬೆಂದ ಪಿಷ್ಟ ಮಾಡುತ್ತದೆ. ಹಿಟ್ಟು ಬೇಯದಿದ್ದರೆ ಎಳೆ ತುಂಡಾಗುವುದೂ, ಮುದ್ದೆ ಆರಿದ ಮೇಲೆ ಒತ್ತಲು ಬಾರದೆ ಬಿರುಸಾಗುವುದೂ ಈ ಕಾರಣದಿಂದಲೇ. ನಮ್ಮ ಹಿರಿಯರು ಈ ತತ್ತ್ವವನ್ನು ಪುಸ್ತಕದಿಂದ ಓದಲಿಲ್ಲ, ಕೈಯಿಂದ ಅರಿತರು. ಅವರು ಕೈಯಿಂದ ಅರಿತುದನ್ನು ನಾವು ಕೈಯಿಂದಲೂ ಬುದ್ಧಿಯಿಂದಲೂ ಅರಿಯಬೇಕು.

ನಮ್ಮ ಸೀಮೆಯ ಸೊಪ್ಪುಗಳು

ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಹತ್ತು ಬಗೆಯ ಸೊಪ್ಪುಗಳ ಹೆಸರನ್ನು ಬರೆಯುವಂತೆ ಹೇಳಿದೆ. ಕೊತ್ತಂಬರಿ, ಕರಿಬೇವು, ಮೆಂತ್ಯ, ಪಾಲಕ್ ಎಂಬಲ್ಲಿಗೆ ಹೆಚ್ಚಿನವರ ಲೇಖನಿ ನಿಂತಿತು. ಅವರೆಲ್ಲರೂ ಒಕ್ಕಲು ಮನೆತನದ ಮಕ್ಕಳೇ! ಚಿಕ್ಕದೇವರಾಜ ಒಡೆಯರ ಹೆಸರನ್ನು ಹೊತ್ತ ಚಿಕ್ಕದೇವರಾಯ ಸಾಗರ ನಾಲೆ, ೧೯೧೧ರಲ್ಲಿ ಕಟ್ಟಲು ಆರಂಭಿಸಿದ ಕನ್ನಂಬಾಡಿಯ ಅಣೆಕಟ್ಟು, ಇವುಗಳಿಂದ ನೀರುಂಡ ಶ್ರೀರಂಗಪಟ್ಟಣ ಸೀಮೆಯ ನೆಲದಲ್ಲಿ ಬಿತ್ತದೆ ಬೆಳೆಯುವ ಸೊಪ್ಪುಗಳೇ ಎಷ್ಟೋ ಇವೆ. ತೇವದ ಬದುಗಳಲ್ಲಿ ಹೊನಗೊನ್ನೆಯೂ ಒಂದೆಲಗವೂ ಹಬ್ಬುತ್ತವೆ. ಹೊಲದಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪುಗಳು ಮಳೆ ಬಿದ್ದೊಡನೆ ತಲೆಯೆತ್ತುತ್ತವೆ. ಹಿತ್ತಿಲಿನಲ್ಲಿ ದಂಟು, ಸಬ್ಬಸಿಗೆ, ಚಕ್ಕೋತ, ನುಗ್ಗೆ, ದೊಡ್ಡಪತ್ರೆಗಳಿವೆ. ಇವುಗಳಲ್ಲಿ ಹಲವನ್ನು ಕೂಡಿಸಿದರೆ ಬೆರಕೆ ಸೊಪ್ಪು. ಮುದ್ದೆಗೆ ಅದರ ಮಸ್ಸೊಪ್ಪಿಗಿಂತ ಹಿತವಾದ ಜೊತೆ ಬೇರೆಯಿಲ್ಲ.

ಹೆಸರು ಮರೆತರೆ ಸೊಪ್ಪು ಕಳೆಯಾಗುತ್ತದೆ. ಕಳೆಯಾದುದಕ್ಕೆ ಔಷಧಿ ಸಿಂಪಡಿಸುತ್ತೇವೆ. ಅಲ್ಲಿಗೆ ಅದು ತಿನ್ನುವ ವಸ್ತುವೂ ಆಗಿ ಉಳಿಯುವುದಿಲ್ಲ. ಆದ್ದರಿಂದ ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಸೇರಿಸಬೇಕು. ಕಳೆನಾಶಕ ಅಥವಾ ಕೀಟನಾಶಕ ಬಿದ್ದ ಗದ್ದೆಯ ಬದುವಿನಿಂದಲೂ, ಕೊಳಚೆ ನೀರು ಹರಿಯುವ ಕಾಲುವೆಯ ಅಂಚಿನಿಂದಲೂ ಸೊಪ್ಪನ್ನು ಕೀಳಬಾರದು. ಗುರುತು ಖಚಿತವಾಗಿ ತಿಳಿದ ಹಿರಿಯರು ತೋರಿಸದ ಹೊರತು ಕಾಡುಸೊಪ್ಪನ್ನು ಬಳಸಬಾರದು. ಮನೆಯ ಹಿತ್ತಿಲಿನ ದಂಟು, ನುಗ್ಗೆ, ಸಬ್ಬಸಿಗೆಗಳು ಆರಂಭಕ್ಕೆ ಸಾಕು.

ಅಳತೆಯ ಮಾತು

ಒಲೆ ಹೊತ್ತಿಸುವ ಮುನ್ನ ಅಳತೆಯನ್ನು ನಿಶ್ಚಯಿಸಬೇಕು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿಗಳ ಕಥೆಯನ್ನು ನೀವು ಬಲ್ಲಿರಿ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಹಿಗ್ಗಲಿಲ್ಲ, ನಮಗೆ ಬೇಕಾದಷ್ಟೇ ಸಾಕು, ಮಿಕ್ಕುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಅಡುಗೆಮನೆಗೆ ಇದಕ್ಕಿಂತ ದೊಡ್ಡ ಪಾಠ ಬೇರೊಂದಿಲ್ಲ. ಹೆಚ್ಚು ಮಾಡಿ ಚೆಲ್ಲುವುದು ಧರ್ಮದ ದೃಷ್ಟಿಯಿಂದ ತಪ್ಪು. ಆರೋಗ್ಯದ ದೃಷ್ಟಿಯಿಂದಲೂ ಹೆಚ್ಚು ಮಾಡಿ ಇಡುವುದು ಅಪಾಯ. ಬೆಂದ ಅಕ್ಕಿಯ ಪದಾರ್ಥವನ್ನು ರಾತ್ರಿಯಿಡೀ ಬೆಚ್ಚಗಿನ ಕೋಣೆಯಲ್ಲಿ ಬಿಟ್ಟರೆ ಅದರಲ್ಲಿ ವಾಂತಿಭೇದಿಯನ್ನುಂಟುಮಾಡುವ ಸೂಕ್ಷ್ಮಜೀವಿಗಳು ಬೆಳೆಯಬಹುದು. ಅವು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗದಿರಬಹುದು.

ಐದು ಮಂದಿಯ ಒಂದು ರಾತ್ರಿಯೂಟಕ್ಕೆ ಬೇಕಾಗುವ ಪದಾರ್ಥಗಳು ಇವು:

ಶಾವಿಗೆಗೆ: ಅಕ್ಕಿಹಿಟ್ಟು ೫೦೦ ಗ್ರಾಂ, ನೀರು ಸುಮಾರು ೧ ಲೀಟರು, ಉಪ್ಪು ೧ ಚಹಾ ಚಮಚ, ಎಣ್ಣೆ ೨ ಚಹಾ ಚಮಚ.

ವ್ಯಂಜನಕ್ಕೆ: ಹುರುಳಿಕಾಯಿ ೧೫೦ ಗ್ರಾಂ, ಗಜ್ಜರಿ ೧೫೦ ಗ್ರಾಂ, ಹಸಿ ಅವರೆಕಾಳು ಅಥವಾ ತೊಗರಿಕಾಳು ೧೦೦ ಗ್ರಾಂ, ಈರುಳ್ಳಿ ೨, ಟೊಮೆಟೊ ೩, ಹಸಿಮೆಣಸಿನಕಾಯಿ ೩, ಹೆಬ್ಬೆರಳಿನ ತುದಿಯಷ್ಟು ಶುಂಠಿ, ಸೋಸಿದ ದಂಟು ಅಥವಾ ನುಗ್ಗೆಸೊಪ್ಪು ೨೫೦ ಗ್ರಾಂ, ಸಬ್ಬಸಿಗೆ ಮತ್ತು ಕೊತ್ತಂಬರಿ ಒಂದೊಂದು ಸಣ್ಣ ಕಟ್ಟು, ಕರಿಬೇವು ೨ ಕಡ್ಡಿ, ತೆಂಗಿನತುರಿ ಒಂದು ಹಿಡಿ, ನಿಂಬೆಹಣ್ಣು ೧, ಕಡಲೆಕಾಯಿ ಎಣ್ಣೆ ೩ ದೊಡ್ಡ ಚಮಚ, ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ ಒಂದೊಂದು ಚಹಾ ಚಮಚ, ರುಚಿಗೆ ಉಪ್ಪು.

ಮಾಡುವ ಕ್ರಮ

ಮೊದಲು ಸೊಪ್ಪನ್ನು ಬಿಡಿಸಿ, ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ಅದರಲ್ಲಿ ಅದ್ದಿ ಮೇಲಕ್ಕೆತ್ತಬೇಕು. ನೀರನ್ನು ಬದಲಾಯಿಸಿ ಮೂರು ಬಾರಿ ಹೀಗೆ ಮಾಡಿದರೆ ಮಣ್ಣು ತಳದಲ್ಲಿ ಉಳಿಯುತ್ತದೆ. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಬೇಕೇ ಹೊರತು ಹೆಚ್ಚಿದ ಮೇಲೆ ತೊಳೆಯಬಾರದು. ಹಾಗೆ ತೊಳೆದರೆ ನೀರಿನಲ್ಲಿ ಕರಗುವ ಜೀವಸತ್ವಗಳು ಆ ನೀರಿನೊಡನೆ ಮೋರಿಯ ಪಾಲಾಗುತ್ತವೆ. ಕಾಳನ್ನು ಸ್ವಲ್ಪ ನೀರಿನಲ್ಲಿ ಮೆತ್ತಗಾಗುವವರೆಗೆ ಮೊದಲೇ ಬೇಯಿಸಿಕೊಳ್ಳಬೇಕು.

ದಪ್ಪ ತಳದ ಪಾತ್ರೆಯಲ್ಲಿ ಒಂದು ಲೀಟರು ನೀರಿಗೆ ಉಪ್ಪು, ಎಣ್ಣೆ ಹಾಕಿ ಕುದಿಸಬೇಕು. ಕುದಿ ಬಂದೊಡನೆ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಮುದ್ದೆಗೆ ಮಾಡುವಂತೆ ಕೋಲಿನಿಂದ ಒಂದೆರಡು ತೂತು ಮಾಡಿ, ಮುಚ್ಚಿ, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬಿಡಬೇಕು. ಬಳಿಕ ಗಂಟಿಲ್ಲದಂತೆ ತಿರುವಿ ಇಳಿಸಿ, ಕೈಗೆ ನೀರು ಸವರಿಕೊಂಡು, ಬಿಸಿಯಿರುವಾಗಲೇ ನಾದಿ, ಒರಳಿಗೆ ಹಿಡಿಯುವ ಗಾತ್ರದ ಉಂಡೆಗಳನ್ನು ಮಾಡಬೇಕು. ಇನ್ನೊಂದು ಅಗಲವಾದ ಪಾತ್ರೆಯಲ್ಲಿ ಕುದಿಯುವ ನೀರಿಗೆ ಈ ಉಂಡೆಗಳನ್ನು ಮೆಲ್ಲನೆ ಬಿಟ್ಟು, ಅವು ಮೇಲೆ ತೇಲಿ ಒಳಗೂ ಬೇಯುವವರೆಗೆ, ಎಂದರೆ ಸುಮಾರು ಹದಿನೈದು ನಿಮಿಷ ಬೇಯಿಸಬೇಕು. ಒಂದು ಉಂಡೆಯನ್ನು ಮುರಿದು ನೋಡಿದಾಗ ನಡುವೆ ಬಿಳಿಯ ಹಸಿಹಿಟ್ಟು ಕಾಣಬಾರದು. ಉಂಡೆ ಬೆಂದ ಗಂಜಿನೀರನ್ನು ಚೆಲ್ಲದೆ ಒಂದೆಡೆ ಇಡಬೇಕು.

ಇನ್ನು ಒತ್ತುವ ಕೆಲಸ. ಇದು ಇಬ್ಬರ ಕೆಲಸ; ಒಬ್ಬನು ಒರಳಿನ ಹಿಡಿಯನ್ನು ಒತ್ತಿದರೆ ಇನ್ನೊಬ್ಬನು ಕೆಳಗೆ ತಟ್ಟೆಯನ್ನು ತಿರುಗಿಸುತ್ತಾ ಎಳೆಗಳನ್ನು ಹಿಡಿಯಬೇಕು. ಉಂಡೆಗಳನ್ನು ಒಂದೊಂದಾಗಿಯೇ ನೀರಿನಿಂದ ತೆಗೆದು ಬಿಸಿಯಾಗಿಯೇ ಒತ್ತಬೇಕು. ಒತ್ತಿದ ಶಾವಿಗೆಯನ್ನು ಅಗಲವಾದ ತಟ್ಟೆಯಲ್ಲಿ ಹರವಿ ಹತ್ತು ನಿಮಿಷ ಆರಲು ಬಿಟ್ಟರೆ ಎಳೆಗಳು ಬಿಡಿಬಿಡಿಯಾಗುತ್ತವೆ.

ಅಷ್ಟರಲ್ಲಿ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಬೇಳೆಗಳು ಕೆಂಪಾದ ಮೇಲೆ ಮೆಣಸಿನಕಾಯಿ, ಶುಂಠಿ, ಕರಿಬೇವು, ಈರುಳ್ಳಿಗಳನ್ನು ಬಾಡಿಸಬೇಕು. ತರಕಾರಿಗಳನ್ನು ಎಲ್ಲವನ್ನೂ ಒಮ್ಮೆಗೇ ಸುರಿಯಬಾರದು. ಗಟ್ಟಿಯಾದುದು ಮೊದಲು, ಮೆದುವಾದುದು ಬಳಿಕ ಎಂಬುದು ನಿಯಮ. ಗಜ್ಜರಿ, ಹುರುಳಿಕಾಯಿಗಳಿಗೆ ಸ್ವಲ್ಪ ನೀರು ಚಿಮುಕಿಸಿ ಮುಚ್ಚಿ ಎಂಟು ನಿಮಿಷ. ಆಮೇಲೆ ಬೆಂದ ಕಾಳು, ಟೊಮೆಟೊ, ಉಪ್ಪು ಸೇರಿಸಿ ನಾಲ್ಕು ನಿಮಿಷ. ಕೊನೆಗೆ ದಂಟು ಅಥವಾ ನುಗ್ಗೆಸೊಪ್ಪು ಹಾಕಿ, ಅದು ಮೆತ್ತಗಾಗಿಯೂ ಹಸಿರು ಬಣ್ಣ ಕೆಡದಿರುವವರೆಗೆ ನಾಲ್ಕೈದು ನಿಮಿಷ. ಈಗ ಗಂಜಿನೀರಿನಿಂದ ಒಂದು ಸೌಟನ್ನು ಬೆರೆಸಬೇಕು. ಅದರಲ್ಲಿ ಕರಗಿರುವ ಪಿಷ್ಟ, ಎಣ್ಣೆಯನ್ನೂ ಟೊಮೆಟೊ ರಸವನ್ನೂ ಒಂದುಗೂಡಿಸಿ ಎಳೆಗಳಿಗೆ ಹಿಡಿಯುವಂತೆ ಮಾಡುತ್ತದೆ. ಇಟಲಿಯವರೂ ಪಾಸ್ತಾ ಬೇಯಿಸಿದ ನೀರನ್ನು ಇದೇ ಕಾರಣಕ್ಕಾಗಿ ಉಳಿಸಿಕೊಳ್ಳುತ್ತಾರೆ. ಬಳಿಕ ಶಾವಿಗೆಯನ್ನು ಸೇರಿಸಿ, ಎಳೆ ಮುರಿಯದಂತೆ ಕೆಳಗಿನಿಂದ ಮೇಲಕ್ಕೆ ಮಗುಚಿ, ಒಲೆಯಿಂದ ಇಳಿಸಬೇಕು. ಇಳಿಸಿದ ಮೇಲೆ ಸಣ್ಣಗೆ ಹೆಚ್ಚಿದ ಸಬ್ಬಸಿಗೆ, ಕೊತ್ತಂಬರಿ, ತೆಂಗಿನತುರಿ, ನಿಂಬೆರಸ. ಉಳಿದ ಗಂಜಿಗೆ ಉಪ್ಪು, ಮಜ್ಜಿಗೆ ಬೆರೆಸಿ ಕುಡಿದರೆ ಊಟ ಪೂರ್ಣವಾಗುತ್ತದೆ.

ಕ್ರಮದ ಹಿಂದಿನ ಕಾರಣ

ಸಬ್ಬಸಿಗೆ, ಕೊತ್ತಂಬರಿಗಳ ಪರಿಮಳ ಬೇಗನೆ ಆವಿಯಾಗುವ ತೈಲಗಳಿಂದ ಬರುತ್ತದೆ. ಬಹಳ ಹೊತ್ತು ಕುದಿಸಿದರೆ ಅದು ಒಲೆಯ ಹೊಗೆಯೊಡನೆ ಹೊರಟುಹೋಗುತ್ತದೆ. ನಿಂಬೆಯ ‘ಸಿ’ ಜೀವಸತ್ವವೂ ಬಿಸಿಗೆ ಕೆಡುವಂಥದು. ಆದ್ದರಿಂದ ಇವೆರಡಕ್ಕೂ ಕೊನೆಯ ಸ್ಥಾನ. ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ನಮ್ಮ ದೇಹ ಸುಲಭವಾಗಿ ಹೀರಿಕೊಳ್ಳಲಾರದು. ‘ಸಿ’ ಜೀವಸತ್ವ ಜೊತೆಗಿದ್ದರೆ ಹೀರಿಕೆ ಹೆಚ್ಚುತ್ತದೆ. ಊಟದೊಡನೆ ಚಹಾ ಅಥವಾ ಕಾಫಿ ಕುಡಿದರೆ ಕುಗ್ಗುತ್ತದೆ. ಗಜ್ಜರಿ, ಸೊಪ್ಪುಗಳಲ್ಲಿರುವ, ‘ಎ’ ಜೀವಸತ್ವವಾಗಿ ಮಾರ್ಪಡುವ ವಸ್ತು ದೇಹಕ್ಕೆ ಸೇರಬೇಕಾದರೆ ಸ್ವಲ್ಪ ಎಣ್ಣೆ ಅಗತ್ಯ. ಅಕ್ಕಿಯೂ ಕಾಳೂ ಕೂಡಿದಾಗ ಒಂದರ ಪ್ರೋಟೀನಿನ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹೀಗೆ ಈ ಊಟದಲ್ಲಿ ಒಂದೂ ಅಲಂಕಾರಕ್ಕಾಗಿ ಬಂದುದಲ್ಲ.

ಅಕ್ಕಿಯ ಬದಲು ರಾಗಿಯನ್ನೂ ಬಳಸಬಹುದು. ರಾಗಿಯಲ್ಲಿ ಸುಣ್ಣದಂಶ ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು. ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿಯೇ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದರೆಂಬುದು ಈ ಜಿಲ್ಲೆಯ ಮಕ್ಕಳು ಹೆಮ್ಮೆಪಡಬೇಕಾದ ಸಂಗತಿ.

ಪಟ್ಟಣದ ಕೋಣೆಯಲ್ಲಿ ಶಾವಿಗೆಯ ಒರಳು ಎಲ್ಲಿಂದ ಬರಬೇಕೆಂದು ಕೇಳುವಿರಿ. ಅಲ್ಲಿ ಅಂಗಡಿಯ ಪಾಸ್ತಾ ಅಥವಾ ಒಣಶಾವಿಗೆ ಆದೀತು. ಕೊಳ್ಳುವಾಗ ಪೊಟ್ಟಣದ ಹಿಂಬದಿಯನ್ನು ಓದಿ, ಮೈದಾಹಿಟ್ಟಿನದನ್ನು ಬಿಟ್ಟು ಡ್ಯೂರಮ್ ಗೋಧಿಯ ರವೆಯದನ್ನು ಆರಿಸಬೇಕು. ಒಬ್ಬರಿಗೆ ಸುಮಾರು ೮೦ರಿಂದ ೧೦೦ ಗ್ರಾಂ ಪಾಸ್ತಾ. ಅದಕ್ಕೆ ಒಂದು ಲೀಟರು ಕುದಿಯುವ ನೀರು. ಪೊಟ್ಟಣದ ಮೇಲೆ ಹೇಳಿದ ಹೊತ್ತಿಗಿಂತ ಒಂದು ನಿಮಿಷ ಮೊದಲೇ ತೆಗೆದು, ಮೇಲೆ ಹೇಳಿದ ವ್ಯಂಜನದಲ್ಲಿಯೇ ಕೊನೆಯ ಬೇಯುವಿಕೆಯನ್ನು ಮುಗಿಸಬೇಕು. ಹೆಸರು ಯಾವುದಾದರೇನು? ಸೊಪ್ಪು, ಕಾಳು, ನಿಂಬೆ ಜೊತೆಗಿದ್ದರೆ ಅದು ಊಟ. ಇಲ್ಲದಿದ್ದರೆ ಬರಿಯ ಹೊಟ್ಟೆ ತುಂಬುವ ಹಿಟ್ಟು.

ಕೊನೆಯ ಮಾತು

ಮಠಗಳು ಅನ್ನವನ್ನೂ ಅಕ್ಷರವನ್ನೂ ಬೇರೆಬೇರೆಯೆಂದು ಎಣಿಸಲಿಲ್ಲ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ ದಶಕಗಳ ಕಾಲ ಸಾವಿರಾರು ಬಡಮಕ್ಕಳಿಗೆ ಊಟವನ್ನೂ ಪಾಠವನ್ನೂ ಒಂದೇ ಅಂಗಳದಲ್ಲಿ ನೀಡಿದರು. ನಮ್ಮ ರಾಜ್ಯದ ಶಾಲೆಗಳ ಬಿಸಿಯೂಟದ ಯೋಜನೆಗೆ ೨೦೦೨ರಲ್ಲಿ ‘ಅಕ್ಷರ ದಾಸೋಹ’ ಎಂಬ ಹೆಸರು ಬಂದುದೂ ಈ ಪರಂಪರೆಯ ನೆನಪಿನಿಂದಲೇ ಅರ್ಥಪೂರ್ಣವಾಗಿದೆ. ಆದರೆ ದಾಸೋಹವೆಂದರೆ ಉಣ್ಣುವುದು ಮಾತ್ರವಲ್ಲ, ಉಣಬಡಿಸುವುದು. ಉಣಬಡಿಸಬೇಕಾದರೆ ಬೇಯಿಸಲು ತಿಳಿದಿರಬೇಕು. ಅಡುಗೆ ಹೆಂಗಸರ ಪಾಲಿನ ಕೆಲಸವೆಂದು ಹುಡುಗರು ದೂರ ನಿಲ್ಲುವುದು ಕಾಯಕದಲ್ಲಿ ಮೇಲುಕೀಳಿಲ್ಲವೆಂದ ಶರಣರ ದಾರಿಗೆ ಒಪ್ಪುವಂಥದಲ್ಲ.

ಆದುದರಿಂದ ಈ ಪಾಠಕ್ಕೂ ಒಂದು ಗೃಹಪಾಠವುಂಟು. ಬರುವ ರಜೆಯಲ್ಲಿ ಮನೆಯ ಹಿರಿಯರೊಡನೆ ಹಿತ್ತಿಲಿಗೂ ಹೊಲದ ಬದುವಿಗೂ ಹೋಗಿ ಹತ್ತು ಸೊಪ್ಪುಗಳನ್ನು ಗುರುತಿಸಿ, ಹೆಸರುಗಳನ್ನು ಬರೆದು ತನ್ನಿರಿ. ಅಟ್ಟದ ಮೇಲೆ ಧೂಳು ಹಿಡಿದಿರುವ ಶಾವಿಗೆಯ ಒರಳನ್ನು ಇಳಿಸಿ ತೊಳೆಯಿರಿ. ಒಂದು ರಾತ್ರಿ ತಾಯಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ, ಪಂಕ್ತಿಯಲ್ಲಿ ಮೊದಲು ಕೂರಿಸಿ, ನೀವೇ ಬಡಿಸಿರಿ. ಅಂದು ನಿಮ್ಮ ತಟ್ಟೆಯ ಅಂಚಿನಲ್ಲಿ ಸೊಪ್ಪು ಉಳಿಯಲಾರದೆಂಬ ನಂಬಿಕೆ ನಮಗಿದೆ. ತಾನು ಬಿಡಿಸಿ, ತೊಳೆದು, ಬೇಯಿಸಿದುದನ್ನು ತಳ್ಳಿಹಾಕುವವರು ವಿರಳ.